ಹಿಸ್ಸೆಗಳ ಲೆಕ್ಕ: ಚದುರಿದ ಹೊಲಗಳ ಚರಿತ್ರೆ

ನಿಮ್ಮ ಮನೆತನಕ್ಕೆ ಹಳ್ಳಿಯಲ್ಲಿ ಹೊಲ ಇದ್ದರೆ ಅದರ ಉತಾರವನ್ನು ಒಮ್ಮೆ ತೆಗೆದು ನೋಡಿ. ಎಷ್ಟು ಎಕರೆ ಎಂದು ಎಲ್ಲರೂ ನೋಡುತ್ತಾರೆ. ಎಷ್ಟು ಕಡೆ ಇದೆ ಎಂಬುದನ್ನು ನೋಡುವವರು ಕಡಿಮೆ. ನಾಲ್ಕು ಎಕರೆ ಒಂದೇ ಕಡೆ ಇರುವ ರೈತನಿಗೂ, ಅದೇ ನಾಲ್ಕು ಎಕರೆ ಊರಿನ ಮೂರು ದಿಕ್ಕಿಗೆ ಆರು ತುಂಡಾಗಿ ಬಿದ್ದಿರುವ ರೈತನಿಗೂ ಸರ್ಕಾರದ ಪುಸ್ತಕದಲ್ಲಿ ವ್ಯತ್ಯಾಸವಿಲ್ಲ. ಇಬ್ಬರೂ ಸಣ್ಣ ರೈತರೇ. ಆದರೆ ಸುಗ್ಗಿಯಲ್ಲಿ ಇಬ್ಬರ ಮನೆಗೆ ಬರುವ ಚೀಲಗಳು ಒಂದೇ ಆಗಿರುವುದಿಲ್ಲ. ಈ ವ್ಯತ್ಯಾಸದ ಚರಿತ್ರೆಯನ್ನು ನಮ್ಮ ಶಾಲಾ ಪುಸ್ತಕಗಳು ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಹೇಳಬೇಕೆನಿಸಿತು.

ಉರ್ದು ಕಲಿಸುವವರಿಗೆ ಕಂದಾಯ ಕಚೇರಿಯ ಕನ್ನಡ ಬಹಳ ಪರಿಚಿತ. ಜಮೀನು, ಹಿಸ್ಸೆ, ವಾರಸು, ದಾಖಲೆ, ತಕರಾರು, ರಾಜಿ ಇವೆಲ್ಲ ನಮ್ಮ ತರಗತಿಯಿಂದಲೇ ಎದ್ದುಹೋದ ಶಬ್ದಗಳು. 'ತಕರಾರು' ಎಂಬುದಕ್ಕೆ ಅರಬ್ಬಿಯಲ್ಲಿ ಮೂಲ ಅರ್ಥ ಮತ್ತೆ ಮತ್ತೆ ಹೇಳುವುದು ಎಂದು. ಒಂದು ಒಡ್ಡಿನ ಮೇಲೆ ಅಣ್ಣತಮ್ಮಂದಿರು ಮೂವತ್ತು ವರ್ಷ ಜಗಳಾಡುವುದನ್ನು ನೋಡಿದವರಿಗೆ ಆ ಶಬ್ದ ಯಾಕೆ ಜಗಳಕ್ಕೆ ಅಂಟಿಕೊಂಡಿತೆಂದು ಬೇರೆ ಹೇಳಬೇಕಾಗಿಲ್ಲ.

ಈಗ ಚರಿತ್ರೆಗೆ ಬರೋಣ. ಪುಣೆಯ ಕೃಷಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಹೆರಾಲ್ಡ್ ಮನ್ ಎಂಬ ವಿದ್ವಾಂಸರು ಪುಣೆ ಸಮೀಪದ ಪಿಂಪಳೆ ಸೌದಾಗರ್ ಎಂಬ ಹಳ್ಳಿಯನ್ನು ಮನೆಮನೆ, ಹೊಲಹೊಲ ತಿರುಗಿ ಅಭ್ಯಾಸ ಮಾಡಿ 1917ರಲ್ಲಿ ಪುಸ್ತಕ ಪ್ರಕಟಿಸಿದರು. ಸೌದಾಗರ್ ಎಂದರೆ ವ್ಯಾಪಾರಿ. ಇಂದು ಆ ಹಳ್ಳಿ ಪಿಂಪ್ರಿ-ಚಿಂಚವಡ ನಗರದೊಳಗೆ ಸೇರಿ ಅಪಾರ್ಟ್‌ಮೆಂಟುಗಳಿಂದ ತುಂಬಿದೆ. ಮನ್ ಅವರು ಹೋದಾಗ ಅದು ದಖನ್ನಿನ ಒಂದು ಸಾಧಾರಣ ಒಣಬೇಸಾಯದ ಊರು. ಅಲ್ಲಿ 156 ಮಂದಿ ಭೂಮಾಲೀಕರಿಗೆ ಸೇರಿದ್ದು 729 ತುಂಡುಗಳು. ಅವುಗಳಲ್ಲಿ 463 ತುಂಡುಗಳು ಒಂದು ಎಕರೆಗಿಂತ ಚಿಕ್ಕವು, 112 ತುಂಡುಗಳು ಕಾಲು ಎಕರೆ, ಅಂದರೆ ಹತ್ತು ಗುಂಟೆಗಿಂತಲೂ ಚಿಕ್ಕವು. ಹಳೆಯ ದಾಖಲೆಗಳನ್ನು ಹುಡುಕಿದಾಗ ಅವರಿಗೆ ಇನ್ನೊಂದು ಸಂಗತಿ ತಿಳಿಯಿತು. 1771ರಲ್ಲಿ ಅದೇ ಊರಿನ ಸರಾಸರಿ ಹಿಡುವಳಿ ಸುಮಾರು 40 ಎಕರೆ ಇತ್ತು, 1818ರಲ್ಲಿ ಹದಿನೇಳೂವರೆ, 1914-15ರ ಹೊತ್ತಿಗೆ ಬರೀ 7 ಎಕರೆ.

ನೂರೈವತ್ತು ವರ್ಷದಲ್ಲಿ ನಲವತ್ತು ಏಳಾಯಿತು. ಏಕೆ? ಆ ಕಾಲದ ಅಧಿಕಾರಿಗಳ ಬಾಯಲ್ಲಿ ಸಿದ್ಧ ಉತ್ತರವೊಂದಿತ್ತು: ಹಿಂದೂಗಳ ಮತ್ತು ಮುಸಲ್ಮಾನರ ವಾರಸಾ ಕಾನೂನು. ಅಪ್ಪ ಸತ್ತರೆ ಆಸ್ತಿ ಹಂಚಿಹೋಗುತ್ತದೆ, ಮುಸಲ್ಮಾನರಲ್ಲಿ ಹೆಣ್ಣುಮಕ್ಕಳಿಗೂ ಪಾಲು, ಹಾಗಾಗಿ ಭೂಮಿ ಚೂರುಚೂರು. ಈ ಮಾತು ಇಂದಿಗೂ ನಮ್ಮ ಹಳ್ಳಿಗಳಲ್ಲಿ ಕೇಳಿಬರುತ್ತದೆ, ಅದರಲ್ಲೂ ತಂಗಿಗೆ ಪಾಲು ಕೊಡುವ ಹೊತ್ತಿನಲ್ಲಿ ಸ್ವಲ್ಪ ಜೋರಾಗಿಯೇ. ಆದ್ದರಿಂದ ಇದನ್ನು ಪರೀಕ್ಷಿಸಿ ನೋಡುವುದು ಅಗತ್ಯ.

ಮೊದಲನೆಯದಾಗಿ, 1771ರಲ್ಲೂ ಇದೇ ವಾರಸಾ ಕಾನೂನುಗಳಿದ್ದವು. ಕಾನೂನು ಬದಲಾಗದೆ ಹಿಡುವಳಿ ಮಾತ್ರ ಕುಗ್ಗಿದೆ ಎಂದರೆ ಬೇರೇನೋ ಬದಲಾಗಿರಬೇಕು. ಎರಡನೆಯದಾಗಿ ಪಂಜಾಬನ್ನು ನೋಡಿ. ಅಲ್ಲಿನ ರೈತಾಪಿ ಕುಲಗಳಲ್ಲಿ, ಮುಸಲ್ಮಾನರೂ ಸೇರಿದಂತೆ, ಜಮೀನಿನ ವಿಷಯದಲ್ಲಿ ನಡೆಯುತ್ತಿದ್ದುದು ರಿವಾಜು. ಆ ರಿವಾಜಿನಲ್ಲಿ ಗಂಡುಮಕ್ಕಳಿದ್ದರೆ ಹೆಣ್ಣುಮಕ್ಕಳಿಗೆ ಹೊಲದಲ್ಲಿ ಪಾಲಿರಲಿಲ್ಲ. 1926ರಲ್ಲಿ ನೇಮಕಗೊಂಡು 1928ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗ ಅದೇ ಪಂಜಾಬಿನಲ್ಲಿ ಒಂದು ಮೈಲಿಗೂ ಹೆಚ್ಚು ಉದ್ದ, ಕೆಲವೇ ಗಜ ಅಗಲದ ಹೊಲಗಳಿರುವುದನ್ನು ದಾಖಲಿಸಿತು. ನಮ್ಮ ಮುಂಬಯಿ ಪ್ರಾಂತದ ರತ್ನಾಗಿರಿಯಲ್ಲಿ ಎಕರೆಯ 160ರಲ್ಲಿ ಒಂದು ಪಾಲಿನಷ್ಟು, ಅಂದರೆ ಮೂವತ್ತು ಚದರ ಗಜದ ತುಂಡುಗಳು ಕಂಡಿದ್ದವು. ಗುಂಟೆಯ ಕಾಲು ಭಾಗ! ನಿಮ್ಮ ತರಗತಿಯ ಕೋಣೆಯೇ ಅದಕ್ಕಿಂತ ದೊಡ್ಡದಿರಬಹುದು. ಮೂರನೆಯದಾಗಿ, ಹಿರಿಯ ಮಗನಿಗೇ ಆಸ್ತಿ ಎಂಬ ಪದ್ಧತಿ ಬಹುಮಟ್ಟಿಗೆ ರೂಢಿಯಲ್ಲಿದ್ದ ಇಂಗ್ಲೆಂಡಿನಲ್ಲಿಯೂ ನಡುಗಾಲದ ರೈತರ ಹೊಲಗಳು ಉದ್ದುದ್ದ ಪಟ್ಟಿಗಳಾಗಿ ಊರ ತುಂಬ ಚದುರಿಯೇ ಇದ್ದವು.

ಹಾಗಾದರೆ ಚದುರುವಿಕೆಗೆ ಮೂಲ ಎಲ್ಲಿ? ಅಮೆರಿಕದ ಅರ್ಥಶಾಸ್ತ್ರಜ್ಞೆ ಡೀರ್‌ಡ್ರೆ ಮೆಕ್‌ಕ್ಲೋಸ್ಕಿ 1976ರಲ್ಲಿ ಇಂಗ್ಲೆಂಡಿನ ಪಟ್ಟಿಗಳ ಬಗ್ಗೆ ಬರೆಯುತ್ತ, ಅದು ರೈತರ ದಡ್ಡತನವಲ್ಲ, ಒಂದು ಬಗೆಯ ವಿಮೆ ಎಂದು ವಾದಿಸಿದರು. ತಗ್ಗಿನ ಹೊಲ ಅತಿವೃಷ್ಟಿಗೆ ಕೊಳೆತರೆ ದಿಬ್ಬದ ಹೊಲವಾದರೂ ಬರುತ್ತದೆ. ಧಾರವಾಡ, ಗದಗ ಕಡೆಯ ರೈತರಿಗೆ ಈ ತರ್ಕವನ್ನು ಯಾವ ಪ್ರೊಫೆಸರೂ ಹೇಳಿಕೊಡಬೇಕಿಲ್ಲ. ಎರೆ ಹೊಲ ಹಿಂಗಾರಿಗೆ: ಬಿಳಿಜೋಳ, ಕಡಲೆ, ಹತ್ತಿ. ಮಸಾರಿ ಮುಂಗಾರಿಗೆ: ಹೆಸರು, ಶೇಂಗಾ. ಮುಂಗಾರಿ ಕೈಕೊಟ್ಟರೆ ಹಿಂಗಾರಿ ಹಿಡಿಯುತ್ತದೆ ಎಂಬುದು ಹಳಬರ ಧೈರ್ಯ. ಎರಡೂ ಬಗೆಯ ಮಣ್ಣಿನಲ್ಲಿ ಒಂದೊಂದು ಹೊಲ ಇರಲಿ ಎಂದು ಅಪೇಕ್ಷಿಸುವುದು ತಪ್ಪಲ್ಲ. ಎರಡು ಕಡೆ ಎರಡು ಹೊಲ ಇರುವುದು ಜಾಣತನ. ಆ ಎರಡು ಹೊಲಗಳನ್ನೂ ಪ್ರತಿ ಪೀಳಿಗೆಯಲ್ಲಿ ಸೀಳುತ್ತ ಹೋಗುವುದು ಬೇರೆ ಮಾತು. ಪೆಟ್ಟು ಬೀಳುವುದು ಅಲ್ಲಿ.

ಆ ಪೆಟ್ಟು ಹೇಗೆ ಬೀಳುತ್ತದೆಂದು ವಿದ್ಯಾರ್ಥಿಗಳು ನೋಟುಪುಸ್ತಕದಲ್ಲಿಯೇ ಲೆಕ್ಕ ಮಾಡಿ ನೋಡಬಹುದು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ನಲವತ್ತು ಗುಂಟೆಗೆ ಎಕರೆ. ಚೌಕಾಕಾರದ ಒಂದು ಎಕರೆಯ ಬದಿ ಸುಮಾರು 209 ಅಡಿ. ಇದನ್ನು ನಾಲ್ವರು ಅಣ್ಣತಮ್ಮಂದಿರು ಉದ್ದಕ್ಕೆ ನಾಲ್ಕು ಪಟ್ಟಿ ಮಾಡಿದರೆ ನಡುವೆ ಮೂರು ಹೊಸ ಒಡ್ಡು. ಒಡ್ಡಿಗೆ ಮೂರು ಅಡಿ ಅಗಲ ಹಿಡಿಯಿರಿ. 209ನ್ನು ಮೂರು ಒಡ್ಡುಗಳಿಂದ ಗುಣಿಸಿ, ಮತ್ತೆ ಮೂರು ಅಡಿಯಿಂದ ಗುಣಿಸಿದರೆ 1,881 ಚದರ ಅಡಿ. ಅಂದರೆ ಸುಮಾರು ಒಂದೂಮುಕ್ಕಾಲು ಗುಂಟೆ ಭೂಮಿ ಹುಲ್ಲಿಗೂ ಇಲಿಯ ಬಿಲಕ್ಕೂ ಹೋಯಿತು. ಆ ನಾಲ್ವರಿಗೆ ಬೇರೆ ಬೇರೆ ಕಡೆ ಇಂಥವೇ ನಾಲ್ಕು ಎಕರೆಗಳಿದ್ದು ನಾಲ್ಕನ್ನೂ ಹೀಗೆಯೇ ಸೀಳಿದರೆ ಏಳು ಗುಂಟೆ ನಷ್ಟ, ಹದಿನಾರು ತುಂಡು. ಒಬ್ಬೊಬ್ಬರು ಒಂದೊಂದು ಎಕರೆ ತೆಗೆದುಕೊಂಡರೆ ನಾಲ್ಕೇ ತುಂಡು, ಹೊಸ ಒಡ್ಡು ಒಂದೂ ಇಲ್ಲ.

ಒಡ್ಡಿಗೆ ಹೋದ ಭೂಮಿ ಚಿಕ್ಕ ನಷ್ಟ. ದೊಡ್ಡ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಇಳಿಜಾರಿನ ಹೊಲವನ್ನು ಹಂಚುವಾಗ ಹಿರಿಯರು ನ್ಯಾಯ ನೋಡುತ್ತಾರೆ: ತಗ್ಗಿನಲ್ಲಿ ಮಣ್ಣು ದಪ್ಪ, ಏರಿನಲ್ಲಿ ತೆಳು. ಯಾರಿಗೂ ಅನ್ಯಾಯವಾಗಬಾರದು, ಎಲ್ಲರಿಗೂ ಏರೂ ಸಿಗಬೇಕು, ತಗ್ಗೂ ಸಿಗಬೇಕು. ಹಾಗಾಗಿ ಪಟ್ಟಿಗಳನ್ನು ಏರಿನಿಂದ ತಗ್ಗಿನವರೆಗೆ ಉದ್ದಕ್ಕೆ ಎಳೆಯುತ್ತಾರೆ. ಅಷ್ಟು ಇಕ್ಕಟ್ಟಾದ ಪಟ್ಟಿಯಲ್ಲಿ ಎತ್ತುಗಳನ್ನು ಅಡ್ಡಕ್ಕೆ ತಿರುಗಿಸಲು ಜಾಗವಿಲ್ಲ. ಕೂರಿಗೆ, ಕುಂಟೆ, ನೇಗಿಲು ಎಲ್ಲವೂ ಇಳಿಜಾರಿನ ಗುಂಟವೇ ಹೋಗಬೇಕು. ಪ್ರತಿ ಸಾಲೂ ಮಳೆನೀರಿಗೆ ಒಂದೊಂದು ಕಾಲುವೆಯಾಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಉಳಬೇಕು, ಅಡ್ಡಲಾಗಿ ಒಡ್ಡು ಹಾಕಬೇಕು ಎಂದು ಕೃಷಿ ಇಲಾಖೆ ಎಷ್ಟು ಹೇಳಿದರೂ ಪಟ್ಟಿಯ ಒಡೆಯ ಮಾಡುವುದಾದರೂ ಏನು? ಅವನ ಒಬ್ಬನ ಒಡ್ಡಿಗೆ ನೀರು ನಿಲ್ಲುವುದಿಲ್ಲ. ಅಣ್ಣತಮ್ಮಂದಿರ ನಡುವಿನ ನ್ಯಾಯಕ್ಕೆ ಹೊಲದ ಮೇಲ್ಮಣ್ಣು ಬೆಲೆ ತೆರುತ್ತದೆ.

ಇನ್ನು ಬಾವಿ. ಇಪ್ಪತ್ತು ಗುಂಟೆಯ ತುಂಡಿಗೆ ಯಾರೂ ಬಾವಿ ತೋಡಿಸುವುದಿಲ್ಲ. ತೋಡಿಸಿದರೂ ಆ ನೀರು ಊರಿನ ಇನ್ನೊಂದು ದಿಕ್ಕಿಗಿರುವ ತನ್ನದೇ ಹೊಲಕ್ಕೆ ಹೋಗಬೇಕಾದರೆ ಹತ್ತು ಜನರ ಹೊಲ ದಾಟಬೇಕು. ಜೋಳ ಹಾಲುಗಾಳಾದಾಗ ಕವಣೆ ಹಿಡಿದು ಹಕ್ಕಿ ಕಾಯಲು ಒಂದು ತುಂಡಿಗೆ ಒಬ್ಬ ಆಳು ಬೇಕು, ದೊಡ್ಡ ಹೊಲಕ್ಕೂ ಒಬ್ಬನೇ ಸಾಕು. ಗೊಬ್ಬರದ ಬಂಡಿ ಹೋಗಲು ದಾರಿ ಇಲ್ಲದಿದ್ದರೆ ಪಕ್ಕದವರ ಬೆಳೆ ಕೊಯ್ಲಾಗುವವರೆಗೆ ಕಾಯಬೇಕು. ದೂರದ ತುಂಡಿಗೆ ಗೊಬ್ಬರವೂ ಕಡಿಮೆ, ಕಳೆ ತೆಗೆಯುವುದೂ ಕಡಿಮೆ. ಮನೆ ಹತ್ತಿರದ ತುಂಡು ಮಗನಂತೆ, ದೂರದ್ದು ಮಲಮಗನಂತೆ ಬೆಳೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೊಲ ಚಿಕ್ಕದಾದರೆ ಇಳುವರಿ ಕಡಿಮೆ ಎಂದು ಭಾವಿಸಬೇಡಿ. 1950ರ ದಶಕದಲ್ಲಿ ನಡೆದ ಬೇಸಾಯ ಸಮೀಕ್ಷೆಗಳನ್ನು ನೋಡಿ ಅಮರ್ತ್ಯ ಸೇನ್ 1962ರಲ್ಲಿ ಗುರುತಿಸಿದ್ದು ಇದಕ್ಕೆ ತಿರುವುಮುರುವು: ಚಿಕ್ಕ ಹಿಡುವಳಿಗಳಲ್ಲಿ ಎಕರೆವಾರು ಉತ್ಪನ್ನ ಹೆಚ್ಚಿತ್ತು, ಏಕೆಂದರೆ ಮನೆಮಂದಿಯೆಲ್ಲ ಮೈಮುರಿದು ದುಡಿಯುತ್ತಾರೆ. ಚಿಕ್ಕದಾಗಿರುವುದು ಒಂದು ವಿಷಯ, ಚದುರಿರುವುದು ಇನ್ನೊಂದು ವಿಷಯ. ಇವೆರಡನ್ನು ಕಲಸಿದ್ದರಿಂದಲೇ ನಮ್ಮಲ್ಲಿ ಅನೇಕ ಕಾನೂನುಗಳು ದಾರಿ ತಪ್ಪಿದವು.

ಈ ವಿಷಯವನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಬರೆದವರು ಡಾ. ಬಿ. ಆರ್. ಅಂಬೇಡ್ಕರ್. ಸಂವಿಧಾನ ಶಿಲ್ಪಿಯೆಂದು ಮಾತ್ರ ಅವರನ್ನು ಬಲ್ಲ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. 1918ರಲ್ಲಿ, ಇನ್ನೂ ಇಪ್ಪತ್ತೇಳರ ಹರೆಯದಲ್ಲಿ, ಅವರು ಭಾರತದ ಸಣ್ಣ ಹಿಡುವಳಿಗಳು ಮತ್ತು ಅದಕ್ಕೆ ಪರಿಹಾರಗಳನ್ನು ಕುರಿತು ದೀರ್ಘ ಲೇಖನ ಪ್ರಕಟಿಸಿದರು. ಅವರ ವಾದದ ತಿರುಳು ಹೀಗೆ: ಹಿಡುವಳಿ ದೊಡ್ಡದೋ ಚಿಕ್ಕದೋ ಎಂಬುದನ್ನು ಎಕರೆಯಿಂದ ಮಾತ್ರ ಅಳೆಯಲಾಗದು, ರೈತನ ಕೈಯಲ್ಲಿ ಎತ್ತು, ಸಲಕರಣೆ, ಬಂಡವಾಳ ಎಷ್ಟಿದೆ ಎಂಬುದರೊಡನೆ ಹೋಲಿಸಿ ಅಳೆಯಬೇಕು. ಭೂಮಿಯ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಜನ ಬಿದ್ದಿದ್ದಾರೆ, ಬೇರೆ ಉದ್ಯೋಗವಿಲ್ಲದ ಕಾರಣ ಪ್ರತಿಯೊಬ್ಬನೂ ಒಂದು ಚೂರು ಹೊಲಕ್ಕೆ ಜೋತುಬೀಳುತ್ತಾನೆ. ಆದ್ದರಿಂದ ಮದ್ದು ಕೈಗಾರಿಕೆಯಲ್ಲಿದೆ, ವಾರಸಾ ಕಾನೂನನ್ನು ಕತ್ತರಿಸುವುದರಲ್ಲಿಲ್ಲ. ಪಿಂಪಳೆ ಸೌದಾಗರದ ನಲವತ್ತು ಏಳಾದದ್ದಕ್ಕೆ ನನಗೆ ಒಪ್ಪಿಗೆಯಾಗುವ ಉತ್ತರ ಇದು.

1927ರಲ್ಲಿ ಮುಂಬಯಿ ಶಾಸನ ಸಭೆಗೆ ಸಣ್ಣ ಹಿಡುವಳಿಗಳ ಮಸೂದೆಯೊಂದು ಬಂತು. ಒಂದು ಗೊತ್ತುಪಡಿಸಿದ ಅಳತೆಗಿಂತ ಚಿಕ್ಕದಾದ ತುಂಡುಗಳನ್ನು ಇಲ್ಲದಂತೆ ಮಾಡುವುದು ಅದರ ಉದ್ದೇಶ. ಅಂಬೇಡ್ಕರ್ ಆಗ ಸಭೆಯ ಸದಸ್ಯರು. ಹೀಗೆ ಮಾಡಿದರೆ ಬಡವರು ಭೂಮಿ ಕಳೆದುಕೊಂಡು ಕೂಲಿಗಳಾಗುತ್ತಾರೆಂದು ಅವರು ವಿರೋಧಿಸಿದರು, ಹಿಡುವಳಿದಾರರು ಒಡೆತನ ಉಳಿಸಿಕೊಂಡೇ ಒಟ್ಟಾಗಿ ಬೇಸಾಯ ಮಾಡುವ ಸಹಕಾರಿ ದಾರಿಯನ್ನು ಸೂಚಿಸಿದರು. ಮಸೂದೆ ಕಾನೂನಾಗಲಿಲ್ಲ. ಇಪ್ಪತ್ತು ವರ್ಷದ ನಂತರ, 1947ರಲ್ಲಿ, ಮುಂಬಯಿ ಸರ್ಕಾರ ತುಂಡು ಭೂಮಿ ತಡೆ ಮತ್ತು ಒಟ್ಟುಗೂಡಿಸುವ ಕಾನೂನನ್ನು ತಂದಿತು. ಬೆಳಗಾವಿ, ವಿಜಯಪುರ, ಧಾರವಾಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತದಲ್ಲಿದ್ದವು. ನಿಗದಿತ ಅಳತೆಗಿಂತ ಚಿಕ್ಕದಾದ ತುಂಡನ್ನು ಪಕ್ಕದ ಹೊಲದವನಿಗಲ್ಲದೆ ಬೇರೆಯವರಿಗೆ ಮಾರುವಂತಿರಲಿಲ್ಲ. ಏಕೀಕರಣದ ನಂತರ ನಮ್ಮ ರಾಜ್ಯಕ್ಕೆಲ್ಲ ಒಂದೇ ಆಗಿ 1966ರ ಕಾಯ್ದೆ ಬಂತು. 1990ರ ದಶಕದ ಆರಂಭದಲ್ಲಿ ಅದನ್ನು ರದ್ದುಪಡಿಸಲಾಯಿತು. ಕಾಗದದ ಮೇಲೆ ಹಂಚುವುದನ್ನು ಕಾನೂನು ತಡೆಯಬಹುದು, ಆದರೆ ಒಲೆ ಬೇರೆಯಾದ ಮೇಲೆ ಹೊಲ ಬೇರೆಯಾಗುವುದನ್ನು ತಡೆಯಲಾಗಲಿಲ್ಲ. ಉತಾರದಲ್ಲಿ ಅಜ್ಜನ ಹೆಸರು, ಹೊಲದಲ್ಲಿ ಏಳು ಜನರ ಒಡ್ಡು.

ಪಂಜಾಬಿನಲ್ಲಿ ಬೇರೆ ರೀತಿ ನಡೆಯಿತು. ಅಲ್ಲಿ ಸಹಕಾರ ಇಲಾಖೆಯ ಕ್ಯಾಲ್ವರ್ಟ್ ಎಂಬ ಅಧಿಕಾರಿ 1920ರ ಹೊತ್ತಿಗೆ ಊರಿನವರನ್ನು ಒಪ್ಪಿಸಿ, ಎಲ್ಲರ ತುಂಡುಗಳನ್ನು ಒಂದು ರಾಶಿಗೆ ಹಾಕಿ, ಮತ್ತೆ ಒಬ್ಬೊಬ್ಬರಿಗೆ ಒಂದೇ ಕಡೆ ಅಳೆದುಕೊಡುವ ಸಂಘಗಳನ್ನು ಶುರುಮಾಡಿದರು. ಉರ್ದುವಿನಲ್ಲಿ ಇದಕ್ಕೆ ಇಶ್ತಿಮಾಲ್-ಎ-ಅರಾಜಿ ಎನ್ನುತ್ತಾರೆ. ಉತ್ತರ ಪ್ರದೇಶದಲ್ಲಿ ಚಕ್‌ಬಂದಿ. 1936ರಲ್ಲಿ ಇದಕ್ಕೆ ಕಾನೂನಿನ ಬಲ ಬಂತು, 1948ರ ಪೂರ್ವ ಪಂಜಾಬ್ ಕಾಯ್ದೆಯಿಂದ ಕಡ್ಡಾಯವಾಯಿತು, 1960ರ ದಶಕದ ಕೊನೆಯ ಹೊತ್ತಿಗೆ ಪಂಜಾಬ್, ಹರಿಯಾಣಗಳಲ್ಲಿ ಕೆಲಸ ಬಹುತೇಕ ಮುಗಿದಿತ್ತು. ಮೆಕ್ಸಿಕೊದ ಗೋಧಿ ತಳಿಗಳು ಬಂದಾಗ ಅಲ್ಲಿನ ರೈತ ತನ್ನ ಹೊಲದ ನಡುವೆ ಕೊಳವೆಬಾವಿ ಹಾಕಿಸಲು ಸಿದ್ಧನಾಗಿದ್ದ. ಹಸಿರು ಕ್ರಾಂತಿಯ ಪಾಠದಲ್ಲಿ ಬೀಜ, ಗೊಬ್ಬರ, ನೀರು ಎಂದು ನಾವು ಮೂರು ಅಂಶ ಬರೆಸುತ್ತೇವೆ. ಆ ನೀರಿಗೆ ಜಾಗ ಮಾಡಿಕೊಟ್ಟ ಈ ನಾಲ್ಕನೆಯದನ್ನು ಬರೆಸುವುದಿಲ್ಲ. ಆದರೆ ಪಂಜಾಬಿನ ಮಣ್ಣು ನದಿ ತಂದ ಮೆಕ್ಕಲು, ಮೈಲಿಗಟ್ಟಲೆ ಹೆಚ್ಚುಕಡಿಮೆ ಒಂದೇ ಗುಣ. ಎರೆಯ ಪಕ್ಕದಲ್ಲಿಯೇ ಮಸಾರಿ, ಮಸಾರಿಯ ಮೇಲೆ ಕಲ್ಲುದಿಬ್ಬ ಇರುವ ನಮ್ಮ ಸೀಮೆಯಲ್ಲಿ ನಿನ್ನ ಎಕರೆಗೆ ನನ್ನ ಎಕರೆ ಎಂದು ಅದಲುಬದಲು ಮಾಡುವುದು ಅಷ್ಟು ಸುಲಭವಲ್ಲ.

ಇನ್ನು ಹೆಣ್ಣುಮಕ್ಕಳ ಪಾಲಿನ ಮಾತು. 1937ರ ಶರೀಅತ್ ಕಾಯ್ದೆ ಮುಸಲ್ಮಾನರ ವಾರಸಾ ವಿಷಯಗಳನ್ನು ರಿವಾಜಿನಿಂದ ಬಿಡಿಸಿ ಶರೀಅತ್‌ಗೆ ಒಪ್ಪಿಸಿತು, ಆದರೆ ಕೃಷಿ ಭೂಮಿಯನ್ನು ಹೊರಗಿಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ತುಂಡು ಭೂಮಿ ತಡೆಯುವ ಕಾನೂನುಗಳನ್ನು ತನ್ನಿಂದ ಹೊರಗಿಟ್ಟಿತ್ತು. ಆ ಉಪಕಲಮು ಬಿದ್ದುಹೋದದ್ದು 2005ರಲ್ಲಿ. ಧರ್ಮ ಯಾವುದಾದರೂ ಹೊಲದ ಮಾತು ಬಂದಾಗ ಮಗಳು ಬಾಗಿಲ ಹೊರಗೆ.

ಇದು ನನಗೆ ಪುಸ್ತಕದಿಂದ ತಿಳಿದ ವಿಷಯವಲ್ಲ. ನಮ್ಮ ದಾದಾ ಅವರಿಗೆ 12 ಎಕರೆ ಇತ್ತು: ಹಳ್ಳದ ದಂಡೆಗೆ 5 ಎಕರೆ ಎರೆ, ಇಳಿಜಾರಿನಲ್ಲಿ 4 ಎಕರೆ ಮಸಾರಿ, ಊರ ಬಳಿ 3 ಎಕರೆ. ಅವರು 1981ರಲ್ಲಿ ತೀರಿಕೊಂಡಾಗ ದಾದಿ ಆಗಲೇ ಇರಲಿಲ್ಲ. ಬಡೇ ಅಬ್ಬಾ, ನಮ್ಮ ಅಬ್ಬಾ, ಚಾಚಾ ಮತ್ತು ಒಬ್ಬರೇ ಫುಪ್ಪು. ಹೊಲ ತುಂಡಾಗಿ ಹಾಳಾಗುತ್ತದೆ, ನಿನಗೆ ಬೇಕಾದಾಗ ತವರು ಇದ್ದೇ ಇದೆ ಎಂದು ಹೇಳಿ ಫುಪ್ಪು ಅವರಿಂದ ಹಕ್ಕು ಬಿಟ್ಟ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಒಂದು ಸೀರೆ ಉಡಿಸಿದರಂತೆ. ಆಮೇಲೆ ಮೂವರು ಅಣ್ಣತಮ್ಮಂದಿರು ಮೂರು ಹೊಲಗಳನ್ನೂ ಮೂರು ಮೂರು ಪಟ್ಟಿ ಮಾಡಿಕೊಂಡರು. ಒಂಬತ್ತು ತುಂಡು, ಆರು ಹೊಸ ಒಡ್ಡು.

ಫರಾಯಿಜ್ ಪ್ರಕಾರ ಲೆಕ್ಕ ಹಾಕಿ. ಮೂವರು ಗಂಡುಮಕ್ಕಳಿಗೆ ಎರಡೆರಡು, ಮಗಳಿಗೆ ಒಂದು, ಒಟ್ಟು ಏಳು ಪಾಲು. 12 ಎಕರೆ ಎಂದರೆ 480 ಗುಂಟೆ. ಗಂಡುಮಕ್ಕಳಿಗೆ ಸುಮಾರು 137 ಗುಂಟೆ, ಫುಪ್ಪು ಅವರಿಗೆ ಸುಮಾರು 68 ಗುಂಟೆ. ಇದು ಬೆಲೆಯ ಪಾಲು. ಪ್ರತಿ ಹೊಲವನ್ನೂ ಏಳು ಸೀಳು ಮಾಡಬೇಕೆಂದು ಎಲ್ಲಿಯೂ ಹೇಳಿಲ್ಲ. ಹಳ್ಳದ ಹೊಲದಲ್ಲಿ ಬಡೇ ಅಬ್ಬಾ ಅವರಿಗೆ 137 ಗುಂಟೆ, ಉಳಿದ 63 ಗುಂಟೆ ಎರೆ ಫುಪ್ಪು ಅವರಿಗೆ. ಐದು ಗುಂಟೆ ಕಡಿಮೆಯಾದರೂ ಎರೆಯ ಬೆಲೆ ಹೆಚ್ಚು. ಮಸಾರಿಯಲ್ಲಿ ಅಬ್ಬಾ ಅವರಿಗೆ 137. ಉಳಿದ 23 ಗುಂಟೆ ಮತ್ತು ಊರ ಬಳಿಯ 3 ಎಕರೆ ಚಾಚಾ ಅವರಿಗೆ. ಮಣ್ಣಿನ ಹೆಚ್ಚುಕಡಿಮೆಯನ್ನು ಹಣದಲ್ಲಿ ಸರಿದೂಗಿಸಬಹುದಿತ್ತು. ಐದು ತುಂಡು, ಎರಡೇ ಹೊಸ ಒಡ್ಡು. ಮಗಳಿಗೆ ಕೊಡದೆ ಒಂಬತ್ತು, ಕೊಟ್ಟರೆ ಐದು! ವಾರಸುದಾರನೊಬ್ಬ ತನ್ನ ಪಾಲಿಗೆ ತಕ್ಕ ಬೆಲೆ ಪಡೆದು ಹೊರಗೆ ಬರುವುದಕ್ಕೆ ಫಿಕ್ಹ್‌ನಲ್ಲಿ ತಖಾರುಜ್ ಎಂಬ ದಾರಿಯೂ ಇದೆ. ಅದರಲ್ಲಿ ಬೆಲೆ ಎಂಬುದು ಇಬ್ಬರೂ ಮನಸಾರೆ ಒಪ್ಪಿದ ಬೆಲೆ. ಫುಪ್ಪು ಅವರಿಗೆ 68 ಗುಂಟೆಯ ಬೆಲೆ ಎಷ್ಟೆಂದು ಯಾರೂ ಹೇಳಿರಲಿಲ್ಲ.

ಕೃಷಿ ಗಣತಿಯ ಪ್ರಕಾರ ಕರ್ನಾಟಕದ ಸರಾಸರಿ ಹಿಡುವಳಿ 1970-71ರಲ್ಲಿ 3.20 ಹೆಕ್ಟೇರ್ ಇದ್ದದ್ದು 2015-16ರಲ್ಲಿ 1.36 ಹೆಕ್ಟೇರ್‌ಗೆ ಇಳಿದಿದೆ. ನಮ್ಮ ಮನೆತನದಲ್ಲಿ ಈಗ ಗಂಡುಮಕ್ಕಳೇ ಏಳು ಜನ. ಹಳೆಯ ರೀತಿಯಲ್ಲಿ ಸೀಳಿದರೆ ಮೂರು ಹೊಲ ಇಪ್ಪತ್ತೊಂದು ತುಂಡು. ಮಸಾರಿಯ ಕೆಲವು ಪಟ್ಟಿಗಳಲ್ಲಿ ಟ್ರ್ಯಾಕ್ಟರ್ ತಿರುಗಿಸಲು ಪಕ್ಕದವರ ಬೆಳೆ ತುಳಿಯಬೇಕಾಗುತ್ತದೆ. ಕಳೆದ ರಂಜಾನ್ ಈದ್‌ಗೆ ಎಲ್ಲರೂ ಊರಿಗೆ ಬಂದಿದ್ದಾಗ ಮೇಲಿನ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದು ಮುಂದಿಟ್ಟೆ. ಅದಲುಬದಲು ಮಾಡಿಕೊಂಡು, ಮೋಜಣಿ ಮಾಡಿಸಿ, ಒಬ್ಬೊಬ್ಬರಿಗೆ ಒಂದೇ ಕಡೆ ಬರುವಂತೆ ನೋಂದಣಿ ಮಾಡಿಸೋಣ ಎಂಬುದಕ್ಕೆ ಬಡೇ ಅಬ್ಬಾ ಅವರ ಮಕ್ಕಳೂ ಚಾಚಾ ಅವರ ಮಕ್ಕಳೂ ಒಪ್ಪಿದ್ದಾರೆ. ಆ ಮಾತುಕತೆಗೆ ಫುಪ್ಪು ಅವರ ಮಕ್ಕಳನ್ನು ಕರೆಯಬೇಕೆಂದು ನಾನು ಹೇಳಿದ್ದೇನೆ. ಅದಕ್ಕೆ ಇನ್ನೂ ಯಾರೂ ಹೂಂ ಎಂದಿಲ್ಲ, ಊಹೂಂ ಎಂದೂ ಹೇಳಿಲ್ಲ. ಬಕ್ರೀದ್‌ಗೆ ಮತ್ತೆ ಸೇರುವುದೆಂದು ನಿಶ್ಚಯವಾಗಿದೆ.